ಮೊದಲ್ನೇ ಸಲ ಟ್ರ್ಯಾಕ್‌ಗೆ ಹೋಗ್ತಿದೀನಿ, ಕಾರ್‌ಗೆ ಏನೇನ್ ಮಾಡಿಸ್ಬೇಕು?

ಹಾಸನದ_ಹುಡ್ಗ:

ಎಲ್ರಿಗೂ ನಮಸ್ಕಾರ. ಎರಡ್ ವರ್ಷದಿಂದ ಇಲ್ಲಿ ಬರೀ ಓದ್ಕೊಂಡು ಹೋಗ್ತಿದ್ದೆ, ಇವತ್ತೇ ಮೊದಲು ಬರೀತಿರೋದು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಹೋದ್ ವರ್ಷ ಸೆಕೆಂಡ್ ಹ್ಯಾಂಡಲ್ಲಿ ಒಂದು 2014ರ ಪೋರ್ಶೆ ಕೇಮನ್ ತಗೊಂಡೆ. 2.7 ಲೀಟರ್, ಆರು ಸಿಲಿಂಡರ್, 275 ಎಚ್‌ಪಿ, ಪಿಡಿಕೆ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸು. ಹದಿನೈದು ವರ್ಷ ದುಡಿದು ತಗೊಂಡಿದ್ದು, ಅಪ್ಪ ಇನ್ನೂ ಮಾತಾಡ್ಸಲ್ಲ ಸರಿಯಾಗಿ, ಎರಡೇ ಸೀಟಿರೋ ಕಾರಿಗೆ ಇಷ್ಟು ದುಡ್ಡಾ ಅಂತ. ನನ್ನ ಹಳೇ ಪೋಲೊ ಅವ್ರಿಗೇ ಕೊಟ್ಟಿದೀನಿ, ಹಾಸನದಲ್ಲಿ ಓಡಿಸ್ಕೊಂಡಿದಾರೆ.

ವಿಷಯ ಏನಂದ್ರೆ ಒಂದು ವರ್ಷ ಆದ್ರೂ ಈ ಕಾರ್ ಏನು ಅಂತ ನಂಗೆ ಗೊತ್ತಾಗಿಲ್ಲ. ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು ಮೈಸೂರ್ ಎಕ್ಸ್‌ಪ್ರೆಸ್‌ವೇಗೆ ಹೋಗ್ತೀನಿ, ಅಲ್ಲಿ ಲಿಮಿಟ್ 100, ಮೇಲೆಲ್ಲ ಕ್ಯಾಮೆರಾ, ಮದ್ದೂರಲ್ಲಿ ವಡೆ ತಿಂದು ವಾಪಸ್ ಬರ್ತೀನಿ. ಆಕ್ಸಿಲರೇಟರ್ ಅರ್ಧ ಒತ್ತೋ ಅಷ್ಟ್ರಲ್ಲಿ 100 ಆಗಿರುತ್ತೆ, ಆಮೇಲೆ ಏನ್ ಮಾಡೋದು, ಸುಮ್ನೆ ಕೂತಿರ್ಬೇಕು. ನಂದಿ ಬೆಟ್ಟದ ರಸ್ತೇಲಿ ಒಂದ್ಸಲ ಸ್ವಲ್ಪ ಜೋರಾಗಿ ತಿರುಗಿಸ್ದೆ, ತಿರುವಿನಾಚೆ ಸೈಕಲ್‌ನವರ ಗುಂಪಿತ್ತು, ಅವತ್ತಿಂದ ಆ ಕಡೆ ಹೋಗಿಲ್ಲ, ಇವತ್ತಿಗೂ ನೆನೆಸ್ಕೊಂಡ್ರೆ ಕೈ ಬೆವರುತ್ತೆ.

ಡಿಸೆಂಬರಲ್ಲಿ ಚೆನ್ನೈ ಹತ್ರ ಇರುಂಗಾಟ್ಟುಕೋಟ್ಟೈ ಟ್ರ್ಯಾಕಲ್ಲಿ ಒಂದು ಟ್ರ್ಯಾಕ್ ಡೇ ಇದೆ, ಅಂದ್ರೆ ನಮ್ ಕಾರನ್ನೇ ರೇಸ್ ಟ್ರ್ಯಾಕಲ್ಲಿ ಓಡ್ಸೋ ದಿನ, ಹೆಸರು ಕೊಟ್ಟಿದೀನಿ. ಒಬ್ಬ ಟ್ಯೂನಿಂಗ್ ಅಂಗಡಿಯವನು, ಯಾರು ಅಂತ ಬೇಡ, ಎಕ್ಸಾಸ್ಟ್ ಬದಲಾಯಿಸಿ ಇಸಿಯು, ಅಂದ್ರೆ ಎಂಜಿನ್ ಕಂಪ್ಯೂಟರ್, ರೀಮ್ಯಾಪ್ ಮಾಡ್ಸಿ ಸಾರ್, ಕಂಪನಿಯಿಂದ ಬಂದಂಗೇ ಇರೋ ಸ್ಟಾಕ್ ಕಾರಲ್ಲಿ ಟ್ರ್ಯಾಕಿಗೆ ಹೋದ್ರೆ ನಗ್ತಾರೆ ಅಂದ, ಎಲ್ಲಾ ಸೇರಿ ಮೂರ್ ಲಕ್ಷ ಅಂತೆ. ಮಾಡಿಸ್ಬೇಕಾ? ಒಂದು ದಿನ ಓಡ್ಸಿದ್ರೆ ಕಾರ್ ಹಾಳಾಗುತ್ತಾ? ಇನ್ಶೂರೆನ್ಸ್ ಕಥೆ ಏನು? ಬ್ರೇಕ್ ಫ್ಲೂಯಿಡ್ ಹೋದ್ ವರ್ಷ ಬದಲಾಯಿಸಿದೆ ಅಂತ ಬಿಲ್ಲಲ್ಲಿದೆ, ಟೈರ್ ಟ್ರೆಡ್ ಚೆನ್ನಾಗಿದೆ.

ಮೂರನೇ_ಗೇರ್:

ಗುರು, ಮೊದ್ಲು ಆ ಮೂರ್ ಲಕ್ಷ ಜೇಬಲ್ಲೇ ಇಟ್ಕೋ. ಇರೋ 275 ಎಚ್‌ಪಿನೇ ನಿಂಗೆ ಬಳಸಕ್ಕೆ ಬರಲ್ಲ, ಬೇಜಾರ್ ಮಾಡ್ಕೋಬೇಡ, ನಂಗೂ ಬರ್ತಿರ್ಲಿಲ್ಲ, ಯಾರಿಗೂ ಬರಲ್ಲ ಮೊದಲ್ನೇ ದಿನ. ಟ್ರ್ಯಾಕಲ್ಲಿ ಹೊಸಬರು ಟೈಮ್ ಕಳ್ಕೊಳೋದು ಸ್ಟ್ರೈಟಲ್ಲಿ ಅಲ್ಲ, ಬ್ರೇಕ್ ಹಾಕೋ ಜಾಗದಲ್ಲಿ ಮತ್ತೆ ತಿರುವಿಂದ ಆಚೆ ಬರೋವಾಗ. ಅಲ್ಲಿ ಎಕ್ಸಾಸ್ಟ್ ಏನ್ ಮಾಡುತ್ತೆ, ಸದ್ದು ಮಾಡುತ್ತೆ ಅಷ್ಟೇ.

ಟ್ರ್ಯಾಕ್ ಬಗ್ಗೆ ಹೇಳ್ಬೇಕಂದ್ರೆ 3.7 ಕಿಲೋಮೀಟರ್, ಹನ್ನೆರಡು ತಿರುವು. 1990ರಿಂದ ಇದೆ. ಅದಕ್ಕೂ ಮುಂಚೆ ಚೆನ್ನೈ ಆಚೆ ಶೋಲಾವರಂನಲ್ಲಿ ಯುದ್ಧಕಾಲದ ಹಳೇ ಏರ್‌ಸ್ಟ್ರಿಪ್ ಮೇಲೆ ರೇಸ್ ಮಾಡ್ತಿದ್ರು, ನಮ್ಮ ಸೋದರಮಾವ ಬೆಂಗ್ಳೂರಿಂದ ರಾತ್ರಿ ಬಸ್ ಹತ್ಕೊಂಡು ಹೋಗಿ ನೋಡ್ಕೊಂಡು ಬರ್ತಿದ್ರಂತೆ, ಈಗ್ಲೂ ಎರಡ್ ಪೆಗ್ ಆದ್ಮೇಲೆ ಅದೇ ಕಥೆ. ಇರುಂಗಾಟ್ಟುಕೋಟ್ಟೈನಲ್ಲಿ ತಿರುವುಗಳಿಗೆ ದೊಡ್ಡ ಹೆಸರೇನಿಲ್ಲ, ಸಿ ಒನ್, ಸಿ ಟೂ ಹಿಂಗೇ ಕರೀತಾರೆ, ಹೋಗೋಕ್ ಮುಂಚೆ ಕಾರೊಳಗಿಂದ ತೆಗೆದ ಒಂದು ಆನ್‌ಬೋರ್ಡ್ ವಿಡಿಯೋ ಹತ್ತು ಸಲ ನೋಡಿ ಕ್ರಮ ಬಾಯಿಪಾಠ ಮಾಡ್ಕೋ.

ಈಗ ಮುಖ್ಯ ಮಾತು. ನಿನ್ ಕಾರಿನ ಎಂಜಿನ್ ಎಲ್ಲಿದೆ? ನಿನ್ ಬೆನ್ನಿನ ಹಿಂದೆ. ಪೋಲೊದಲ್ಲಿ ತಿರುವಿನ ಮಧ್ಯ ಜೋರಾಯ್ತು ಅನ್ಸಿದ್ರೆ ಕಾಲು ಎತ್ತಿದ್ರೆ ಸಾಕು, ಮೂತಿ ಒಳಗೆ ಬಂದು ಸರಿಹೋಗುತ್ತೆ. ಇದ್ರಲ್ಲಿ ಹೆದರ್ಕೊಂಡು ದಿಢೀರ್ ಅಂತ ಕಾಲು ಎತ್ತಿದ್ರೆ ಭಾರ ಎಲ್ಲಾ ಮುಂದಕ್ಕೆ ಹೋಗುತ್ತೆ, ಹಿಂದಿನ ಟೈರ್ ಹಗುರ ಆಗುತ್ತೆ, ಹಿಂದ್ಗಡೆ ಎಂಜಿನ್ ಭಾರ ಬೇರೆ ಇದೆ, ಬಾಲ ತಿರುಗ್ಕೊಂಡು ನೀನು ಬಂದ ದಾರಿ ನೋಡ್ತಾ ನಿಂತಿರ್ತೀಯ. ಪಿಎಸ್‌ಎಂ, ಅಂದ್ರೆ ಕಾರ್ ಜಾರದಂಗೆ ತಡೆಯೋ ಸಿಸ್ಟಂ, ಆನ್ ಇಟ್ಕೊಂಡೇ ಓಡ್ಸು, ಆಫ್ ಮಾಡು ಅಂತ ಯಾರಾದ್ರೂ ಪಿಟ್‌ನಲ್ಲಿ, ಟ್ರ್ಯಾಕ್ ಪಕ್ಕ ಕಾರ್ ನಿಲ್ಸೋ ಜಾಗದಲ್ಲಿ, ಹುರಿದುಂಬಿಸಿದ್ರೆ ಅವನ ಕಾರ್ ಕೀ ಕೇಳು. ನಿಧಾನಕ್ಕೆ ಒಳಗೆ ಹೋಗು, ಬೇಗ ಆಚೆ ಬಾ, ಬ್ರೇಕು ನೇರ ಇದ್ದಾಗ್ಲೇ ಮುಗಿಸ್ಕೋ, ಮೊದಲ್ನೇ ದಿನಕ್ಕೆ ಇಷ್ಟ್ ಸಾಕು. ಇನ್ಸ್‌ಟ್ರಕ್ಟರ್ ಸಿಗ್ತಾರಾ ಕೇಳು, ದುಡ್ಡು ಕೊಟ್ಟು ಪಕ್ಕದಲ್ಲಿ ಕೂರಿಸ್ಕೋ. ಅಲ್ಲೀವರ್ಗೂ ಎರಡ್ ಮೂರ್ ವೀಕೆಂಡು ಹೆಣ್ಣೂರು-ಬಾಗಲೂರು ರಸ್ತೇಲಿರೋ ಮೆಕೊ ಕಾರ್ಟೋಪಿಯಾಗೆ ಹೋಗಿ ಕಾರ್ಟ್ ಓಡ್ಸು, ತಮಾಷೆ ಅಲ್ಲ, ಲೈನ್, ಅಂದ್ರೆ ತಿರುವಲ್ಲಿ ಕಾರ್ ಹಿಡಿಯೋ ದಾರಿ, ಅಂದ್ರೇನು ಅಂತ ಅರ್ಧ ಗಂಟೇಲಿ ಮೈಗೆ ಗೊತ್ತಾಗುತ್ತೆ, ಮಾರನೇ ದಿನ ಪಕ್ಕೆಲುಬು ನೋಯುತ್ತೆ ಅದು ಬೇರೆ.

ಟೈರ್ ಗಾಳಿ: ತಣ್ಣಗಿದ್ದಾಗ 30 ಇದ್ದಿದ್ದು ನಾಲ್ಕ್ ಲ್ಯಾಪ್ ಆದ್ಮೇಲೆ 36, 37 ಆಗಿರುತ್ತೆ, ಬಿಸಿಗೆ ಗಾಳಿ ಹಿಗ್ಗುತ್ತಲ್ಲ. ಅದಕ್ಕೇ ಬೆಳಿಗ್ಗೆ ಸ್ವಲ್ಪ ಇಳಿಸ್ತಾರೆ, ಪ್ರತಿ ಸೆಷನ್ ಆದ್ಮೇಲೆ ಗೇಜ್ ಹಿಡಿದು ನೋಡ್ತಾರೆ. ಎಲ್ರೂ ಮರೆಯೋದು ಏನಪ್ಪಾ ಅಂದ್ರೆ ಸಂಜೆ ಮನೆಗ್ ಹೊರಡೋ ಮುಂಚೆ ವಾಪಸ್ ತುಂಬ್ಸೋದು. ಟೈರ್ ತಣ್ಣಗಾಗಿ 26ಕ್ಕೆ ಇಳಿದಿರುತ್ತೆ, ಇವ್ರು ಅದೇ ಗಾಳೀಲಿ ವೆಲ್ಲೂರು ಹೈವೇಲಿ ಮುನ್ನೂರ್ ಕಿಲೋಮೀಟರ್ ಹೊರಟಿರ್ತಾರೆ.

ಕಾರ್ ಒಳಗೆ ಏನೂ ಬಿಡ್ಬೇಡ. ನೀರಿನ ಬಾಟ್ಲಿ ಉರುಳ್ಕೊಂಡು ಬ್ರೇಕ್ ಪೆಡಲ್ ಕೆಳಗೆ ಹೋದ್ರೆ ಕಥೆ ಮುಗೀತು. ಡ್ಯಾಶ್‌ಬೋರ್ಡ್ ಮೇಲಿನ ಗಣಪನ್ನೂ ತೆಗ್ದು ಜೇಬಲ್ಲಿಟ್ಕೋ, ನನ್ ಗಣಪ ಮೊದಲ್ನೇ ಬ್ರೇಕಿಂಗಲ್ಲೇ ಹಾರಿ ಬಂದಿದ್ದು ಗ್ಲಾಸ್‌ಗೆ, ಸೊಂಡಿಲು ಇನ್ನೂ ಸಿಕ್ಕಿಲ್ಲ.

ಕುಡ್ಲ_ಚಾಲಕ:

ಮೂರನೇ ಗೇರ್ ಹೇಳಿದ್ದು ಎಲ್ಲಾ ಸರಿ ಉಂಟು, ಆದ್ರೆ ಬ್ರೇಕ್ ಫ್ಲೂಯಿಡ್ ವಿಷಯ ಅವ್ರು ಬಿಟ್ರಲ್ಲ. ಬಿಲ್ಲಲ್ಲಿ ಬರ್ದದ್ದನ್ನು ನಂಬ್ಬೇಡಿ ಮಾರಾಯ್ರೆ. ಬಾನೆಟ್ ತೆಗ್ದು ಕಣ್ಣಲ್ಲಿ ನೋಡಿ.

ಈ ಫ್ಲೂಯಿಡ್ ಅಂದ್ರೆ ಗಾಳಿಯಲ್ಲಿದ್ದ ನೀರಿನ ಅಂಶ ಎಳ್ಕೊಳ್ತದೆ. ಡಾಟ್ 4 ಅನ್ನುವ ದರ್ಜೆಯ ಫ್ಲೂಯಿಡ್ ಹೊಸತಿರುವಾಗ ಕುದಿಯುವುದು ಕಮ್ಮಿ ಅಂದ್ರೆ 230 ಡಿಗ್ರಿಗೆ, ನೀರು ಎಳ್ಕೊಂಡ ಮೇಲೆ ಆ ಲೆಕ್ಕ 155ಕ್ಕೆ ಬಂತು. ನಮ್ಮ ಊರಿನ ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಮುಚ್ಚಳ ತೆಗ್ದಿಟ್ರೆ ಎಂತ ಆಗ್ತದೆ, ಹಾಗೇ. ಪೇಟೆಯಲ್ಲಿ ಓಡಿಸುವಾಗ ಗೊತ್ತೇ ಆಗುದಿಲ್ಲ, ಯಾಕಂದ್ರೆ ಅಷ್ಟು ಬಿಸಿ ಆಗುದೇ ಇಲ್ಲ. ಟ್ರ್ಯಾಕಲ್ಲಿ ಎಷ್ಟು ಬಿಸಿ ಅಂತ ಕೇಳಿ, ಲೆಕ್ಕ ಸುಲಭ, ವೇಗದ ವರ್ಗಕ್ಕೆ ತಕ್ಕ ಹಾಗೆ ಶಕ್ತಿ. 180ರಿಂದ 80ಕ್ಕೆ ಇಳಿಸಿದ್ರೆ ಬ್ರೇಕ್ ನುಂಗಬೇಕಾದ ಶಕ್ತಿ 100ರಿಂದ ಪೂರ್ತಿ ನಿಲ್ಲಿಸುವುದರ ಎರಡೂವರೆ ಪಟ್ಟಿಗಿಂತ ಹೆಚ್ಚು. ನೀವು ಆ ಕೆಲ್ಸ ಪ್ರತಿ ಲ್ಯಾಪ್ ಮಾಡ್ತೀರಿ, ಮಧ್ಯದಲ್ಲಿ ಇನ್ನೂ ಮೂರ್ನಾಲ್ಕು ಕಡೆ ಬ್ರೇಕ್ ಹಾಕ್ತೀರಿ, ಡಿಸ್ಕಿಗೆ ತಣ್ಣಗಾಗ್ಲಿಕ್ಕೆ ಸಮಯ ಎಲ್ಲಿ.

ಒಳ್ಳೆ ಡಾಟ್ 4 ಅಥವಾ 5.1 ಹಾಕಿಸಿ, ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿಸಿ, ಅಂದ್ರೆ ಹಳೇ ಫ್ಲೂಯಿಡ್, ಗಾಳಿ ಎಲ್ಲ ಹೊರಗೆ ತೆಗ್ಸಿ, ಎದುರು ನಿಂತು ಮಾಡಿಸಿ. ಬರೀ 5 ಅಂತ ಬರ್ದ ಡಬ್ಬಿ ಉಂಟು, ಅದು ಸಿಲಿಕೋನಿನದ್ದು, ಬೇರೆಯೇ ಜಾತಿ, ಅದನ್ನು ಹಾಕ್ಬಾರ್ದು. ಪಾಯಿಂಟ್ ಒನ್ ಉಂಟಾ ಅಂತ ನೋಡಿಯೇ ತಗೊಳ್ಳಿ.

ಇನ್ಶೂರೆನ್ಸ್ ಕೇಳಿದ್ರಲ್ಲ. ಪಾಲಿಸಿ ತೆಗ್ದು ಓದಿ, ನಮ್ಮ ದೇಶದ ಮೋಟಾರ್ ಪಾಲಿಸಿಗಳಲ್ಲಿ ಲಿಮಿಟೇಶನ್ಸ್ ಆಸ್ ಟು ಯೂಸ್ ಅಂತ ಒಂದು ಭಾಗ ಇರ್ತದೆ, ಅದರಲ್ಲಿ ಆರ್ಗನೈಸ್ಡ್ ರೇಸಿಂಗ್, ಪೇಸ್ ಮೇಕಿಂಗ್, ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್ ಇದಕ್ಕೆಲ್ಲ ಕವರ್ ಇಲ್ಲ ಅಂತ ಸ್ಪಷ್ಟ ಬರ್ದಿರ್ತದೆ. ಟ್ರ್ಯಾಕ್ ಡೇ ರೇಸ್ ಅಲ್ಲ ಅಂತ ನೀವು ವಾದ ಮಾಡ್ಬಹುದು, ಸರ್ವೇಯರ್ ಎದುರು ಆ ವಾದ ನಿಲ್ಲುದಿಲ್ಲ. ಗುದ್ದಿದ್ರೆ ಖರ್ಚು ನಿಮ್ಮದೇ ಅಂತ ತಿಳ್ಕೊಂಡೇ ಗೇಟ್ ದಾಟಿ.

ಬಿಎಂಟಿಸಿ_ಪಾಸ್:

ಬೆಳಿಗ್ಗೆ ಬೆಳಿಗ್ಗೆ ಏರ್‌ಪೋರ್ಟ್ ರೋಡಲ್ಲಿ ಹತ್ತು ಕಾರ್ ಸಾಲಾಗಿ ಪಟಪಟ ಅಂತ ಪಟಾಕಿ ಹೊಡ್ಕೊಂಡು ಹೋಗ್ತವಲ್ಲ ಅದ್ರಲ್ಲಿ ನಿಮ್ದೂ ಒಂದಾ ಸಾರ್? ನಮ್ಮಮ್ಮನಿಗೆ ಬಿಪಿ ಇದೆ, ಭಾನುವಾರ ಆರಕ್ಕೇ ಎದ್ದು ಕೂತಿರ್ತಾರೆ ಆ ಸದ್ದಿಗೆ. ಈ ಊರಲ್ಲಿ ಸರಾಸರಿ ಎತ್ತಿನ ಗಾಡಿ ಸ್ಪೀಡಲ್ಲಿ ಹೋಗೋದು, ಅದಕ್ಕೆ 260 ಹೋಗೋ ಕಾರ್ ಯಾಕೆ ಬೇಕು ಅಂತ ನಂಗೆ ನಿಜವಾಗ್ಲೂ ಅರ್ಥ ಆಗಲ್ಲ. ಜಗಳಕ್ಕೆ ಕೇಳ್ತಿಲ್ಲ.

ಹಾಸನದ_ಹುಡ್ಗ:

ಇಲ್ಲ ಸಾರ್, ನಂದು ಸ್ಟಾಕ್ ಎಕ್ಸಾಸ್ಟ್, ಅಪಾರ್ಟ್‌ಮೆಂಟ್ ಗೇಟಲ್ಲಿ ಸೆಕ್ಯೂರಿಟಿಯವ್ರು ಕೂಡ ತಿರುಗಿ ನೋಡಲ್ಲ. ಯಾಕೆ ಬೇಕು ಅಂದ್ರೆ ಉತ್ತರ ಇಲ್ಲ, ಏಳನೇ ಕ್ಲಾಸಲ್ಲಿ ನೋಟ್‌ಬುಕ್ ಹಿಂದೆ ಪೋರ್ಶೆ ಸ್ಟಿಕ್ಕರ್ ಅಂಟಿಸಿದ್ದೆ, ಅಷ್ಟೇ. ನಿಮ್ಮಮ್ಮನ ಹತ್ರ ಆ ಹತ್ತು ಜನರ ಪರವಾಗಿ ಸಾರಿ ಕೇಳ್ತೀನಿ.

ಮೂರನೇ_ಗೇರ್:

ಬಿಎಂಟಿಸಿ ಸಾರ್ ಕೇಳಿದ್ದು ಸರೀನೇ, ಇವ್ನು ಟ್ರ್ಯಾಕ್‌ಗೆ ಹೋಗ್ತಿರೋದೇ ಅದಕ್ಕೆ. 2024ರ ಆಗಸ್ಟಿಂದ ನಮ್ಮ ರಾಜ್ಯದಲ್ಲಿ 130 ದಾಟಿದ್ರೆ ಬರೀ ಫೈನ್ ಅಲ್ಲ, ಎಫ್‌ಐಆರ್. ರಸ್ತೇಲಿ ರೇಸ್ ಮಾಡಿ ಸಿಕ್ಕಾಕ್ಕೊಂಡ್ರೆ ಮೋಟಾರು ವಾಹನ ಕಾಯ್ದೆ 189ರಲ್ಲಿ ಮೊದಲ್ನೇ ಸಲ ಮೂರು ತಿಂಗಳವರೆಗೆ ಜೈಲು ಇಲ್ಲಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ, ಎರಡ್ನೇ ಸಲ ಒಂದ್ ವರ್ಷ ಮತ್ತೆ 10,000ದವರೆಗೆ ಹೋಗುತ್ತೆ. ಆ 5,000 ಕಮ್ಮಿ ಆಯ್ತು ಅಂತ ನನ್ನ ಅಭಿಪ್ರಾಯ, ಅವರ ಒಂದು ಟೈರಿನ ವಾಲ್ವ್ ಕ್ಯಾಪ್ ಬೆಲೆ ಅದು.

ಹುಬ್ಬಳ್ಳಿ_ಗ್ಯಾರೇಜ್:

ಸರ, ಟ್ರೆಡ್ ಛಲೋ ಐತಿ ಅಂದ್ರಿ, ಟೈರ್ ಎಷ್ಟು ವರ್ಷದ್ದು ಅಂತ ನೋಡೀರೇನು? ಈ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರಿನ್ಯಾಗ ಇದು ದೊಡ್ಡ ಮೋಸ ನೋಡ್ರಿ. ಮಾಲಕ ವರ್ಷಕ್ಕ ಎರಡು ಸಾವಿರ ಕಿಲೋಮೀಟರ್ ಸೈತ ಓಡಿಸಿರೂದಿಲ್ಲ, ಟ್ರೆಡ್ ಹೊಸಾದರಂಗ ಕಾಣತೈತಿ, ರಬ್ಬರ್ ಮಾತ್ರ ಒಣಗಿ ಕೊರಡ ಆಗಿರತೈತಿ. ಟೈರಿನ ಬಾಜೂಕ ಇಂಗ್ಲಿಷಿನ್ಯಾಗ DOT ಅಂತ ಬರದಲ್ಲೆ ಕಡೀಕ ನಾಕು ಅಂಕಿ ಇರತಾವ, 2319 ಅಂತಿದ್ರ 2019ನೇ ಇಸವಿ 23ನೇ ವಾರದಾಗ ಆಗಿದ್ದು ಅಂತ ಅರ್ಥ. ಆರು ವರ್ಷ ಮ್ಯಾಲಾಗಿದ್ರ ಟ್ರ್ಯಾಕಿಗೆ ಒಯ್ಯಬ್ಯಾಡ್ರಿ. ನಿಮ್ಮ ಗಾಡಿಗೆ ಮುಂದ ಹಿಂದ ಬ್ಯಾರೆ ಅಳತಿ, ಮುಂದ 235 ಇದ್ರ ಹಿಂದ 265, ಅದಕ್ಕ ಮುಂದಿಂದು ಹಿಂದ ಹಾಕಿ ತಿರುಗಿಸಿ ಉಳಿಸೂ ಆಟ ನಡಿಯೂದಿಲ್ಲ.

ಮತ್ತೊಂದು, ಬ್ರೇಕ್ ಫೇಡ್ ಅಂತಾರಲ್ರೀ, ಬಿಸಿಗೆ ಬ್ರೇಕ್ ಹಿಡೀದಂಗ ಆಗೂದು, ಅದರಾಗ ಎರಡು ನಮೂನಿ ಅದಾವ. ಫ್ಲೂಯಿಡ್ ಕುದ್ದ್ರ ಒಳಗ ಆವಿ ಗುಳ್ಳಿ ಏಳತಾವ, ಪೆಡಲ್ ಮೆತ್ತಗಾಗಿ ಹತ್ತಿ ತುಳದಂಗ ಕೆಳಗ ಹೋಗತೈತಿ. ಪ್ಯಾಡ್ ಸುಟ್ರ ಹಂಗಲ್ಲ, ಪೆಡಲ್ ಗಟ್ಟಿ ಕಲ್ಲಿನಂಗ ಇರತೈತಿ, ತುಳದಷ್ಟೂ ತುಳೀರಿ, ಗಾಡಿ ಮಾತ್ರ ನಿಲ್ಲಂಗಿಲ್ಲ. ಎರಡನೇದ್ದು ಭಾಳ ಅಂಜಿಕಿ ಬರಿಸತೈತಿ, ಯಾಕಂದ್ರ ಕಾಲಿಗೆ ಎಲ್ಲಾ ಸರಿ ಐತಿ ಅನಸ್ತೈತಿ. ಕಂಪನಿಯಿಂದ ಬಂದ ಪ್ಯಾಡ್ ರಸ್ತೇಕ ಅಂತ ಮಾಡಿದ್ದು, ಮುಂಜಾನಿ ಥಂಡ್ಯಾಗೂ ಹಿಡೀಬೇಕು, ಸದ್ದೂ ಮಾಡಬಾರ್ದು. ಟ್ರ್ಯಾಕ್ ಪ್ಯಾಡ್ ಬಿಸಿ ಆದಮ್ಯಾಲನ ಹಿಡಿಯೂದು, ಮನೀ ಮುಂದಿನ ಹಂಪಿನ್ಯಾಗ ಕೀಂ ಅಂತ ಒದರತಾವ. ಎರಡೂ ಒಂದರಾಗ ಸಿಗಂಗಿಲ್ಲ.

ವೀಲ್ ಬೋಲ್ಟ್ ಟಾರ್ಕ್ ರೆಂಚಿಲೆ ಬಿಗಿರಿ, 160 ಎನ್‌ಎಂ. ಕಾಲಿಲೆ ಪಾನಾ ತುಳದು ಬಿಗಿಯೂ ಹುಡುಗರಿಗೆ ಕೊಡಬ್ಯಾಡ್ರಿ. ಗಾಡಿ ಎಳಿಯೂ ಕೊಕ್ಕಿ, ಟೋ ಹುಕ್, ಮುಂದಿನ ಡಿಕ್ಕಿನ್ಯಾಗ ಟೂಲ್ ಕಿಟ್‌ನ್ಯಾಗ ಇರತೈತಿ, ಐತೋ ಇಲ್ಲೋ ಈಗ ನೋಡ್ಕೋರಿ, ಹಳೇ ಮಾಲಕ ಕಳದಿರತಾನ.

ಐಫೆಲ್_ಕನ್ನಡಿಗ:

ಜರ್ಮನಿಯಿಂದ ನಂದೂ ಎರಡು ಮಾತು. ಇಲ್ಲಿ ಕೆಲ್ಸಕ್ಕೆ ಬಂದು ಒಂಬತ್ತು ವರ್ಷ ಆಯ್ತು, ಮನೆಯಿಂದ ನ್ಯೂರ್ಬುರ್ಗ್‌ರಿಂಗ್ ರೇಸ್ ಟ್ರ್ಯಾಕ್ ಒಂದು ಗಂಟೆ ದಾರಿ. ಹಳೇ ಟ್ರ್ಯಾಕ್ ಇದೆಯಲ್ಲ, ನಾರ್ಡ್‌ಶ್ಲೈಫೆ, 1927ರಲ್ಲಿ ಶುರುವಾಗಿದ್ದು, 20.8 ಕಿಲೋಮೀಟರ್, ಕಾಡೊಳಗೆ ಹತ್ತಿ ಇಳಿದು ಸುತ್ತುತ್ತೆ, ಮೇಲಿಗೂ ಕೆಳಗಿಗೂ ಮುನ್ನೂರು ಮೀಟರ್‌ ಹತ್ರ ವ್ಯತ್ಯಾಸ ಇದೆ. ಸಾರ್ವಜನಿಕರಿಗೆ ಬಿಡೋ ದಿನ ಟಿಕೆಟ್ ತಗೊಂಡು ಗೇಟ್ ದಾಟಿದ್ರೆ ಆಯ್ತು, ಯಾರ್ ಬೇಕಾದ್ರೂ ಹೋಗ್ಬಹುದು. ತಮಾಷೆ ಏನಂದ್ರೆ ಆ ಹೊತ್ತಲ್ಲಿ ಅದು ಕಾನೂನಿನ ಲೆಕ್ಕದಲ್ಲಿ ಟೋಲ್ ರಸ್ತೆ ಇದ್ದಂಗೆ, ಟ್ರಾಫಿಕ್ ನಿಯಮ ಅನ್ವಯ ಆಗುತ್ತೆ. ನಿಧಾನ ಹೋಗೋನು ಬಲಕ್ಕಿರ್ಬೇಕು, ಓವರ್‌ಟೇಕ್ ಎಡಗಡೆಯಿಂದ ಮಾತ್ರ, ಲ್ಯಾಪ್ ಟೈಮ್ ತೆಗಿಯಂಗಿಲ್ಲ. ತೆಗಿಯೋರು ತೆಗೀತಾರೆ ಬಿಡಿ.

ನಾನು ಮೊದಲ್ನೇ ಸಲ ಹೋದಾಗ ನನ್ನ ಮನಸಲ್ಲಿ ಇದ್ದಿದ್ದು ಆಟೋಬಾನ್, ಅಂದ್ರೆ ಇಲ್ಲಿನ ಎಕ್ಸ್‌ಪ್ರೆಸ್‌ವೇ ಅನುಭವ. ಅಲ್ಲಿ ಎಷ್ಟೋ ಕಡೆ ಲಿಮಿಟ್ ಇಲ್ಲ, 130 ಅನ್ನೋದು ಬರೀ ಸಲಹೆ, ನಾನು 220ರಲ್ಲಿ ಹೋಗಿದ್ದವನು, ನಂಗೇನ್ ಭಯ ಅಂದ್ಕೊಂಡಿದ್ದೆ. ಫುಕ್ಸ್‌ರ್ಯೋರೆ ಅಂತ ಒಂದು ಜಾಗ ಇದೆ, ನರಿ ಬಿಲದ ಥರ ಇಳಿಜಾರು, ಸ್ಟೇರಿಂಗ್ ಹೆಚ್ಚು ಕಮ್ಮಿ ನೇರ, ಕೆಳಗೆ ತಲುಪಿದಾಗ ಕಾರ್ ಕುಕ್ಕರಿಸುತ್ತೆ, ಹೊಟ್ಟೆ ಸೀಟಿನೊಳಗೆ ಹೋದಂಗಾಗುತ್ತೆ, ತಕ್ಷಣ ಏರು, ಏರಿ ಮುಗಿಯೋದ್ರಲ್ಲಿ ಕಣ್ಣಿಗೆ ಕಾಣದ ಎಡ ತಿರುವು. ಪಕ್ಕದಲ್ಲಿ ಮಣ್ಣಿನ ಜಾಗ ಇಲ್ಲ, ಒಂದು ಕಾರಗಲ ಹುಲ್ಲು, ಆಮೇಲೆ ಕಬ್ಬಿಣದ ಬೇಲಿ. ನೇರ ರಸ್ತೇಲಿ 220 ಹೋಗೋದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ ಅಂತ ಆವತ್ತು ಗೊತ್ತಾಯ್ತು. ಫಾರ್ಮುಲಾ ಒನ್ ಡ್ರೈವರ್ ನಿಕಿ ಲೌಡಾ 1976ರಲ್ಲಿ ಬೆಂಕಿ ಹತ್ತಿ ಸುಟ್ಟಿದ್ದು ಇನ್ನೂ ಮುಂದೆ, ಬೆರ್ಗ್‌ವೆರ್ಕ್ ತಿರುವಿನ ಹತ್ರ, ಅದಾದ್ಮೇಲೆ ಫಾರ್ಮುಲಾ ಒನ್ ಈ ಉದ್ದದ ಟ್ರ್ಯಾಕಿಗೆ ವಾಪಸ್ ಬರ್ಲೇ ಇಲ್ಲ. ಬೇಲಿಗೆ ಗುದ್ದಿದ್ರೆ ಮೀಟರ್ ಲೆಕ್ಕದಲ್ಲಿ ಬೇಲಿ ದುಡ್ಡು ಕಟ್ಬೇಕು, ಎಳ್ಕೊಂಡು ಹೋಗೋ ಗಾಡಿ ಬಾಡಿಗೆ, ಟ್ರ್ಯಾಕ್ ಮುಚ್ಚಿದ್ದಕ್ಕೂ ಬಿಲ್. ಇಲ್ಲೂ ಎಷ್ಟೋ ಪಾಲಿಸಿಗಳಲ್ಲಿ ಇದಕ್ಕೆ ಕವರ್ ಇಲ್ಲ.

ಇನ್ನೊಂದು ಹೇಳ್ಲೇಬೇಕು. ಮಾಮೂಲಿ ಬಾಡಿಗೆ ಕಾರನ್ನ ಅಲ್ಲಿಗೆ ತಗೊಂಡು ಹೋಗಂಗಿಲ್ಲ, ಅದಕ್ಕೇ ಅಂತ ಟ್ರ್ಯಾಕ್ ಪಕ್ಕದ ಹಳ್ಳೀಲಿ ಬಾಡಿಗೆ ಅಂಗಡಿಗಳಿದಾವೆ. ಅಲ್ಲಿ ಹೊಸಬರಿಗೆ ಕೊಡೋ ಕಾರ್ ಯಾವ್ದು ಗೊತ್ತಾ, ಸುಜುಕಿ ಸ್ವಿಫ್ಟ್. ಹೌದು, ನಮ್ಮ ಸ್ವಿಫ್ಟೇ, ಒಳಗೆ ರೋಲ್ ಕೇಜು ರೇಸ್ ಸೀಟು ಹಾಕಿರ್ತಾರೆ. ನಾನು ಮೊದಲು ಮೂಗು ಮುರಿದೆ, ಬಿಎಂಡಬ್ಲ್ಯು ಕೊಡಿ ಅಂದೆ, ಕೌಂಟರಲ್ಲಿದ್ದ ಅಜ್ಜ ನಕ್ಕು ಸ್ವಿಫ್ಟ್ ಕೀನೇ ಕೊಟ್ಟ. ಕಮ್ಮಿ ಪವರ್ ಇರೋ ಕಾರಲ್ಲಿ ತಿರುವಲ್ಲಿ ಕಳ್ಕೊಂಡ ಸ್ಪೀಡು ಸ್ಟ್ರೈಟಲ್ಲಿ ವಾಪಸ್ ಬರಲ್ಲ, ಅದಕ್ಕೇ ತಪ್ಪೆಲ್ಲ ನಿಂಗೇ ಗೊತ್ತಾಗುತ್ತೆ. ದೊಡ್ಡ ಕಾರಲ್ಲಿ ತಪ್ಪನ್ನ ಎಂಜಿನ್ ಮುಚ್ಚಾಕುತ್ತೆ. ಹಾಸನದ ಹುಡ್ಗರೇ, ಅಪ್ಪನ ಹತ್ರ ಪೋಲೊ ಇದೆ ಅಂದ್ರಲ್ಲ, ಅದನ್ನೇ ತಗೊಂಡ್ ಹೋಗಿ ಅಂತ ನನ್ ಸಲಹೆ. ಕೇಳಲ್ಲ ನೀವು, ನಾನೂ ಕೇಳ್ತಿರ್ಲಿಲ್ಲ.

ಹಾಸನದ_ಹುಡ್ಗ:

ಎಲ್ರಿಗೂ ಥ್ಯಾಂಕ್ಸ್. ಕೇಳ್ಲಿಲ್ಲ ಸಾರ್, ಕೇಮನ್ನೇ ತಗೊಂಡ್ ಹೋದೆ. ಹೋಗ್ಬಂದು ನಾಲ್ಕ್ ದಿನ ಆಯ್ತು, ಕುತ್ತಿಗೆ ಇವತ್ತು ತಿರುಗ್ತಿದೆ, ಅದಕ್ಕೆ ಬರೀತಿದೀನಿ.

ಮೊದ್ಲು ಕುಡ್ಲದವ್ರಿಗೆ ಸಾಷ್ಟಾಂಗ. ಬೇರೆ ಗ್ಯಾರೇಜಲ್ಲಿ ಎದುರಿಗೇ ನಿಂತು ಫ್ಲೂಯಿಡ್ ತೆಗೆಸ್ದೆ, ಹೋದ್ ವರ್ಷ ಬದಲಾಯಿಸಿದೀವಿ ಅಂತ ಬಿಲ್ ಮಾಡಿದ್ದು ಹೊರಗೆ ಬಂದಿದ್ದು ನೋಡಿದ್ರೆ ನಮ್ಮಜ್ಜಿ ಕಾಯಿಸೋ ಕಷಾಯದ ಬಣ್ಣ. ಟೈರ್ ಡೇಟ್ ನೋಡ್ದೆ, ಹಿಂದಿನವು ಎಂಟು ವರ್ಷದವು. ನಾಲ್ಕೂ ಹೊಸದು ಹಾಕಿಸ್ದೆ. ಟೋ ಹುಕ್ ಇರ್ಲಿಲ್ಲ, ಹುಬ್ಬಳ್ಳಿ ಅಣ್ಣ ಕಣ್ಣಲ್ಲಿ ಕಂಡವ್ರಂಗೆ ಹೇಳಿದ್ರಿ. ಪ್ಯಾಡ್ ಮಾತ್ರ ಅದೇ ಇರ್ಲಿ ಬಿಡು, ಒಂದ್ ದಿನಕ್ಕೆ ಯಾಕೆ ಅಂತ ಬಿಟ್ಟೆ.

ರಾತ್ರಿ ಎರಡೂವರೆಗೆ ಹೊರಟೆ, ಹೊಸೂರು, ಕೃಷ್ಣಗಿರಿ, ಆಂಬೂರು ದಾಟೋವಾಗ ಇನ್ನೂ ಕತ್ತಲು, ಲಾರಿಗಳ ಹಿಂದೆ 80ರಲ್ಲಿ ಹೋಗಿದ್ದೇ ಹೆಚ್ಚು. ಪಿಟ್‌ಗೆ ಹೋದ್ರೆ ಎಲ್ಲಾ ಥರ ಕಾರು, ಇಬ್ರು ಮೂವರು ದೊಡ್ಡ ಕಾರ್‌ನವ್ರು, ಉಳಿದಿದ್ದೆಲ್ಲಾ ಹಳೇ ಪೋಲೊ, ಸ್ವಿಫ್ಟು, ಒಂದು ಬಣ್ಣ ಹೋದ ಎಸ್ಟೀಮು. ಯಾರೂ ನಗ್ಲಿಲ್ಲ. ಟ್ಯೂನಿಂಗ್ ಅಂಗಡಿಯವನಿಗೆ ಫೋಟೋ ಕಳಿಸ್ಬೇಕು ಅಂದ್ಕೊಂಡೆ.

ಇನ್ಸ್‌ಟ್ರಕ್ಟರ್ ಸಿಕ್ರು, ಐವತ್ತರ ಆಸುಪಾಸಿನವ್ರು, ಅರ್ಧ ತಮಿಳು ಅರ್ಧ ಇಂಗ್ಲಿಷು. ಮೊದಲ್ನೇ ಸೆಷನ್ ಪೂರ್ತಿ ಅವ್ರು ಹೇಳಿದ್ದು ಒಂದೇ, ಮುನ್ನಾಡಿ ಪಾರು, ಮುನ್ನಾಡಿ ಪಾರು, ಮುಂದೆ ನೋಡು ಅಂತ. ನಾನು ನೋಡ್ತಿದ್ದೆ ಅಂದ್ಕೊಂಡಿದ್ದೆ, ಆದ್ರೆ ನಾನು ನೋಡ್ತಿದ್ದಿದ್ದು ಬಾನೆಟ್ಟಿನ ಮುಂದಿನ ಹತ್ತು ಮೀಟರ್, ಬೆಂಗ್ಳೂರಲ್ಲಿ ಗುಂಡಿ ಹುಡುಕೋ ಕಣ್ಣು ಅದು. ಒಂದು ತಿರುವಲ್ಲಿ ಅವ್ರು ಕೈ ಚಾಚಿ ನನ್ ಗಲ್ಲ ಹಿಡಿದು ಹೆಲ್ಮೆಟ್ ಸಮೇತ ತಿರುವಿನ ಆಚೆ ಕಡೆಗೆ ತಿರುಗಿಸಿದ್ರು. ತಲೆ ತಿರುಗಿದ ಕಡೆಗೆ ಕಾರ್ ತಾನಾಗೇ ಹೋಯ್ತು, ದೇವರಾಣೆ, ಸ್ಟೇರಿಂಗ್ ನಾನು ತಿರುಗಿಸಿದ್ದು ನೆನಪೇ ಇಲ್ಲ.

ಎರಡನೇ ಸೆಷನಲ್ಲಿ ಪೋಲೊ ಬಂತು ಹಿಂದೆ. ಸ್ಟ್ರೈಟಲ್ಲಿ ಅವನು ಚುಕ್ಕಿ ಆಗ್ತಿದ್ದ, ನಾಲ್ಕ್ ತಿರುವು ಆಗೋದ್ರಲ್ಲಿ ಕನ್ನಡಿ ತುಂಬಾ ಅವನೇ. ಮೂರು ಲ್ಯಾಪ್ ಹಿಂಗೇ. ಕೊನೆಗೆ ಇನ್ಸ್‌ಟ್ರಕ್ಟರೇ ಹೇಳಿದ್ರು, ಇಂಡಿಕೇಟರ್ ಹಾಕಿ ಬಿಟ್ಬಿಡಿ ಸಾರ್ ಪಾಪ ಅವನನ್ನ ಅಂತ. ಬಿಟ್ಟೆ, ಹೋದ ನೋಡಿ, ನನ್ನ ಕಾರಿನ ಕಾಲು ಭಾಗದ ಬೆಲೆ ಇರ್ಲಿಕ್ಕಿಲ್ಲ ಅದು. ಪಿಟ್‌ನಲ್ಲಿ ಹುಡುಕ್ಕೊಂಡು ಹೋದ್ರೆ ಹೆಲ್ಮೆಟ್ ತೆಗೆದವನಿಗೆ ಇಪ್ಪತ್ತೆರಡು ವಯಸ್ಸಿರ್ಬೇಕು, ಕೊಯಮತ್ತೂರಿನ ಹುಡುಗ, ನಂಗೇ ಟೀ ಕುಡಿಸ್ದ.

ಮೂರನೇ ಸೆಷನ್ ಹೊತ್ತಿಗೆ ಸ್ವಲ್ಪ ಧೈರ್ಯ ಬಂದಿತ್ತು, ಇನ್ಸ್‌ಟ್ರಕ್ಟರ್ ಇಳಿದಿದ್ರು. ಐದನೇ ಲ್ಯಾಪು, ಸ್ಟ್ರೈಟ್ ಮುಗಿಸಿ ಬಂದೆ, 170 ಮೇಲಿತ್ತು, ಮಾಮೂಲಿ ಜಾಗದಲ್ಲಿ ಬ್ರೇಕ್ ಹಾಕ್ದೆ. ಪೆಡಲ್ ಗಟ್ಟಿಯಾಗೇ ಇದೆ, ಕಾರ್ ನಿಲ್ತಿಲ್ಲ. ಇನ್ನೂ ಒತ್ತಿದೆ, ತೊಡೆ ನಡುಗೋವರ್ಗೂ. ಹುಬ್ಬಳ್ಳಿ ಅಣ್ಣನ ಮಾತು ಆ ಕ್ಷಣಕ್ಕೇ ಬಂತು ತಲೇಲಿ, ಕಲ್ಲಿನಂಗ ಇರತೈತಿ ಅಂತ, ನಿಮ್ಮ ಭಾಷೇಲೇ ಬಂತು. ತಿರುಗಿಸೋ ಸಾಹಸ ಮಾಡ್ಲಿಲ್ಲ, ನೇರ ಹೋಗಿ ಟ್ರ್ಯಾಕಿಂದ ಆಚೆ ಮಣ್ಣಿಗೆ ಇಳ್ಸಿದೆ, ಕೆಂಪು ಧೂಳು ಎದ್ದು ಏನೂ ಕಾಣ್ತಿಲ್ಲ, ಕಾರೊಳಗೆಲ್ಲಾ ಸುಟ್ಟ ವಾಸನೆ, ಎಲ್ಲೋ ಮರಳಲ್ಲಿ ನಿಂತಿತು. ಎಲ್ಲಿಗೂ ಗುದ್ದಲಿಲ್ಲ. ಜೇಬಲ್ಲಿದ್ದ ಗಣಪನ್ನ ಮುಟ್ಟಿ ನೋಡ್ಕೊಂಡೆ. ಹೊಸ ಟೋ ಹುಕ್ಕಿಗೆ ಅವತ್ತೇ ಉದ್ಘಾಟನೆ.

ಪಿಟ್‌ಗೆ ಬಂದು ಬ್ರೇಕ್ ಮೇಲೆ ಕಾಲಿಟ್ಕೊಂಡೇ ಕೂತಿದ್ದೆ, ಟ್ರ್ಯಾಕ್ ನೋಡ್ಕೊಳ್ಳೋ ಒಬ್ಬ ಮಾರ್ಷಲ್ ಓಡಿ ಬಂದು ಬೈದ್ರು, ಕಾಲು ತೆಗಿ, ಹ್ಯಾಂಡ್‌ಬ್ರೇಕೂ ಹಾಕ್ಬೇಡ, ಡಿಸ್ಕ್ ಹಾಳಾಗುತ್ತೆ ಅಂತ.

ಹುಬ್ಬಳ್ಳಿ_ಗ್ಯಾರೇಜ್:

ಪುಣ್ಯಾ ಮಾಡಿದ್ರಿ ಸರ, ತಿರುಗಿಸಿದ್ರ ಪಲ್ಟಿ ಇತ್ತು. ಕಾಲು ತಗೀ ಅಂದಿದ್ದು ಖರೆ ಐತಿ, ಸುಡೂ ಡಿಸ್ಕಿಗೆ ಪ್ಯಾಡ್ ಒಂದ ಜಾಗಾದಾಗ ಒತ್ತಿ ಹಿಡದ್ರ ಅಲ್ಲೇ ಕಲಿ ಬೀಳತೈತಿ, ಆಮ್ಯಾಲ ಬ್ರೇಕ್ ಹಾಕಿದಾಗೊಮ್ಮೆ ಸ್ಟೇರಿಂಗ್ ನಡಗತೈತಿ. ಹ್ಯಾಂಡ್‌ಬ್ರೇಕಿಂದು ಮಾತ್ರ ನಿಮ್ಮ ಗಾಡಿಗೆ ಪೂರಾ ಹೊಂದಂಗಿಲ್ಲ, ಕೇಮನ್ನಿನ್ಯಾಗ ಅದಕ್ಕ ಹಿಂದಿನ ಡಿಸ್ಕಿನ ಒಳಗ ಸಣ್ಣ ಡ್ರಮ್ ಬ್ಯಾರೇನ ಐತಿ. ಆದ್ರೂ ಹಾಕಬ್ಯಾಡ್ರಿ, ಗೇರ್ ಪಿ ಒಳಗ ಇಡ್ರಿ ಸಾಕು. ಮತ್ತ ಕಡೀ ಲ್ಯಾಪ್ ಮೆಲ್ಲಕ ಹೋಗಿ ಬ್ರೇಕ್ ಮುಟ್ಟದ ತಂಪ ಮಾಡ್ಕೊಂಡ ಬರೂದು ರೂಢಿ ಮಾಡ್ಕೋರಿ. ಐದು ಲ್ಯಾಪ್ ಒಂದ ಸಮನ ಯಾಕ ಹೊಡದ್ರಿ?

ಮೂರನೇ_ಗೇರ್:

ಐದು ಲ್ಯಾಪ್ ಯಾಕ್ ಹೊಡೆದ ಅಂದ್ರೆ ಆ ಕೊಯಮತ್ತೂರ್ ಹುಡುಗನ್ನ ಹಿಡಿಯಕ್ಕೆ. ಹೌದೋ ಅಲ್ವೋ? ಗಾಳಿ ತುಂಬಿಸ್ಕೊಂಡು ವಾಪಸ್ ಹೊರಟ್ಯಾ, ಅದನ್ ಹೇಳು ಮೊದ್ಲು.

ಹಾಸನದ_ಹುಡ್ಗ:

ಹೌದು ಗುರು, ಅವನನ್ನೇ. ಹಿಡೀಲಿಲ್ಲ.

ಗಾಳಿ ತುಂಬಿಸ್ದೆ, ಶ್ರೀಪೆರಂಬದೂರ್ ಪಂಕ್ಚರ್ ಅಂಗಡೀಲಿ, ಅವನು ಚಕ್ರದ ಸಂದೀಲಿದ್ದ ಮರಳು ನೋಡಿ ಬೀಚ್‌ಗೆ ಇಳ್ಸಿದ್ರಾ ಸಾರ್ ಅಂದ. ಬೆಂಗ್ಳೂರಿಗೆ ಬರೋವರ್ಗೂ ಎಸಿ ಆಫ್ ಮಾಡಿ ಕಿಟಕಿ ತೆಗ್ದು 80ರಲ್ಲೇ ಬಂದೆ, ಯಾಕೋ ಬೇಜಾರೇ ಆಗ್ಲಿಲ್ಲ, ಮುಂದಿನ ಲಾರಿ ಆಚೆ ಏನಿದೆ ಅಂತ ನೋಡ್ಕೊಂಡೇ ಬಂದೆ ಪೂರ್ತಿ ದಾರಿ.

ಫೆಬ್ರವರೀಲಿ ಇನ್ನೊಂದು ಟ್ರ್ಯಾಕ್ ಡೇ ಇದ್ಯಂತೆ. ನಿನ್ನೆ ಹಾಸನಕ್ಕೆ ಫೋನ್ ಮಾಡಿ ಅಪ್ಪನ ಹತ್ರ ಒಂದು ವಾರಕ್ಕೆ ಕಾರ್ ಬದಲಾಯಿಸ್ಕೊಳ್ಳೋಣ್ವಾ ಅಂತ ಕೇಳ್ದೆ. ಐದ್ ನಿಮಿಷ ಸುಮ್ನಿದ್ದು, ಅದಕ್ಕೆ ಪೆಟ್ರೋಲ್ ಯಾವ್ದು ಹಾಕ್ಬೇಕು ಅಂದ್ರು. ಹುಬ್ಬಳ್ಳಿ ಅಣ್ಣ, 2012ರ ಪೋಲೊ 1.2 ಪೆಟ್ರೋಲಿಗೆ ಮುಂದೆ ಯಾವ ಥರದ ಪ್ಯಾಡ್ ಹಾಕಿಸ್ಲಿ? ಹಿಂದೆ ಡ್ರಮ್ಮೇ ಇದೆ.